ಸಂಬೋಧನೆ

ತನ್ನ ತುಟಿಗಳು ಅಲುಗುತ್ತಿವೆಯೆಂದು ಉಷಾಳಿಗೆ ಗೊತ್ತಾದದ್ದು ಎದುರಿನ ಸೀಟಿನಲ್ಲಿ ಕೂತಿದ್ದ ಹೆಂಗಸು ತನ್ನ ಟಿಫಿನ್ ಚೀಲವನ್ನು ತುಸು ಆಚೆಗೆ ಸರಿಸಿಕೊಂಡಾಗ. ಲಿಂಗಂಪಲ್ಲಿಯಲ್ಲಿ ಲೋಕಲ್ ಹತ್ತಿದಾಗಿನಿಂದ ಒಂದೇ ಒಂದು ಅಕ್ಷರ ಅವಳ ಬಾಯಲ್ಲಿ ತಿರುಗುತ್ತಿತ್ತು. ಅದನ್ನು ಮೇಲಕ್ಕೆ ಎತ್ತಿ ನೋಡುತ್ತಿದ್ದಳು, ಕೆಳಕ್ಕೆ ಬಿಟ್ಟು ನೋಡುತ್ತಿದ್ದಳು, ಎತ್ತಿದಲ್ಲಿಯೇ ನಡುಗಿಸಿ ಇಳಿಸುತ್ತಿದ್ದಳು. ಹಾಗೆ ಇಳಿಸಿದಾಗಲೆಲ್ಲ ಎದೆಗೂಡಿನಲ್ಲಿ ಏನೋ ಜಿಗಿಯುತ್ತಿತ್ತು. ನಲವತ್ತಾರು ವರ್ಷದ ಹೆಂಗಸು ಬೆಳಗಿನ ಎಂಟೂವರೆಯ ಗಾಡಿಯಲ್ಲಿ ಹೀಗೆ ಒಬ್ಬಳೇ ಬಾಯಾಡಿಸುತ್ತ ಕೂತರೆ ಜನ ಏನಂದುಕೊಂಡಾರು ಎಂದು ನಾಚಿಕೆಯಾಗಿ, ಪರ್ಸಿನಿಂದ ಮೊಬೈಲು ತೆಗೆದು ಕಿವಿಗೆ ಹಿಡಿದು, ಆ ಕಡೆ ಯಾರೋ ಇದ್ದಾರೆಂಬಂತೆ ತಲೆಯಾಡಿಸಿದಳು. ಹಫೀಜ್‌ಪೇಟೆ ದಾಟಿತು, ಹೈಟೆಕ್ ಸಿಟಿ ದಾಟಿತು. ಕೊರಳಿಗೆ ಗುರುತಿನ ಪಟ್ಟಿ ತೂಗುಬಿಟ್ಟ ಹುಡುಗ ಹುಡುಗಿಯರು ಇಳಿದುಹೋಗಿ ಡಬ್ಬಿ ಅರ್ಧ ಖಾಲಿಯಾಯಿತು. ಬಂಡೆ ಒಡೆದು ಎಬ್ಬಿಸುತ್ತಿದ್ದ ಗಾಜಿನ ಕಟ್ಟಡಗಳ ಮೇಲೆ ಬಿಸಿಲು ಆಗಲೇ ಕಣ್ಣು ಚುಚ್ಚುತ್ತಿತ್ತು. ನಾಳೆ ಶುಕ್ರವಾರ. ಸಂಜೆ ಐದಕ್ಕೆ ಕಡತ ಮುಚ್ಚಿ ಪರದೇಶಕ್ಕೆ ಕಳಿಸಿಬಿಡುತ್ತಾರೆ. ಅಷ್ಟರೊಳಗೆ ಆ ಅಕ್ಷರದ ವಿಷಯ ಯಾರಿಗಾದರೂ ಹೇಳಬೇಕು. ಹೇಳಿದರೆ ಮತ್ತೆ ನಗುತ್ತಾರೆ. ಹೇಳದಿದ್ದರೆ? ಗೊತ್ತಿದ್ದೂ ಹೇಳದೆ ಕೂತದ್ದು ಅವಳ ಬದುಕಿನಲ್ಲಿ ಇದೇ ಮೊದಲೇನೂ ಆಗಿರಲಿಲ್ಲ.

ಅವಳ ಆಫೀಸು ಬೇಗಂಪೇಟೆ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ, ಮೂರನೆಯ ಮಹಡಿ. ವಿಮಾನಗಳು ಇಳಿಯುವಾಗ ಕಿಟಕಿಯ ಗಾಜು ಗುಂಯ್ ಎನ್ನುವಷ್ಟು ಹತ್ತಿರ. ಬೇರೆ ಮಹಡಿಗಳಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳನ್ನೋ ವಿಮೆಯ ಕಾಗದಗಳನ್ನೋ ಕಂಪ್ಯೂಟರಿಗೆ ಇಳಿಸುತ್ತಿದ್ದರೆ, ಇಲ್ಲಿ ಹದಿನಾಲ್ಕು ಜನ ಕೂತು ದೇವರುಗಳನ್ನು ಇಳಿಸುತ್ತಿದ್ದರು. ಯುರೋಪಿನ ಒಂದು ವಿಶ್ವವಿದ್ಯಾಲಯದ ಕೆಲಸ. ಐದಾರು ಸಾವಿರ ವರ್ಷಗಳ ಹಿಂದೆ ಎಲ್ಲೋ ಹುಲ್ಲುಗಾವಲುಗಳಲ್ಲಿ ಕುದುರೆ ದನಗಳ ಜೊತೆ ಅಲೆಯುತ್ತಿದ್ದ ಒಂದು ಜನ. ಅವರು ಬರೆಯಲಿಲ್ಲ, ಗುಡಿ ಕಟ್ಟಲಿಲ್ಲ, ಹೆಸರನ್ನೂ ಬಿಟ್ಟುಹೋಗಲಿಲ್ಲ. ಆದರೆ ಅವರ ಮಾತು ಒಡೆದು ಹಂಚಿಹೋಗಿ ಸಂಸ್ಕೃತವಾಯಿತು, ಗ್ರೀಕ್ ಆಯಿತು, ಲ್ಯಾಟಿನ್ ಆಯಿತು, ಲಿಥುವೇನಿಯಾದವರ ಮಾತಾಯಿತು. ಮೊಮ್ಮಕ್ಕಳ ಮುಖ ಪಕ್ಕಪಕ್ಕ ಇಟ್ಟು ಸತ್ತ ಅಜ್ಜಿಯ ಮುಖ ಬರೆಯುವ ಹಾಗೆ, ಈ ಮಾತುಗಳನ್ನೆಲ್ಲ ಸಾಲಾಗಿ ಇಟ್ಟು ಆ ಜನ ಯಾವ ದೇವರನ್ನು ಏನೆಂದು ಕರೆದಿರಬಹುದು ಎಂದು ಕಂಡುಹಿಡಿಯುವುದು. ಹಾಗೆ ಕಂಡುಹಿಡಿದ ಹೆಸರಿನ ತಲೆಯ ಮೇಲೆ ಒಂದು ನಕ್ಷತ್ರ ಹಾಕುತ್ತಾರೆ. ಇದನ್ನು ಯಾರೂ ಕೇಳಿಲ್ಲ, ಯಾರೂ ಬರೆದದ್ದನ್ನು ನೋಡಿಲ್ಲ, ಆದರೆ ಇದ್ದಿರಲೇಬೇಕು ಎಂದು ಅದರ ಅರ್ಥ. ಸಂಸ್ಕೃತ ಎಂ.ಎ. ಮಾಡಿ ಇಪ್ಪತ್ತು ವರ್ಷ ಒಂದು ಶಾಲೆಯಲ್ಲಿ ಶಬ್ದರೂಪಾವಳಿ ಬಾಯಿಪಾಠ ಮಾಡಿಸಿದ್ದ ಉಷಾ, ಕೆಲಸ ಸಿಕ್ಕ ಮೂರನೆಯ ವಾರ ಇನ್ನೂರ ಹನ್ನೆರಡನೆಯ ಸಾಲಿಗೆ ಬಂದಾಗ ತನ್ನದೇ ಹೆಸರನ್ನು ಕಂಡಿದ್ದಳು. ಬೆಳಗಿನ ದೇವತೆ, ಆಕಾಶದ ಮಗಳು. ಉಷಸ್. ಗ್ರೀಕರಿಗೆ ಇಯೋಸ್, ರೋಮಿನವರಿಗೆ ಆರೋರಾ, ಲಿಥುವೇನಿಯಾದವರಿಗೆ ಔಶ್ರಿನೆ. ಇವರೆಲ್ಲರಿಗೂ ಮೇಲಿನ ಸಾಲಿನಲ್ಲಿ, ತಲೆಯ ಮೇಲೆ ನಕ್ಷತ್ರ ಹೊತ್ತ ಇನ್ನೊಬ್ಬಳು. ಉಷಾ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದಳು. ರೇಷನ್ ಕಾರ್ಡಿನಲ್ಲಿ, ಗ್ಯಾಸಿನ ಪುಸ್ತಕದಲ್ಲಿ ಇಷ್ಟು ದಿನ ಸುಮ್ಮನೆ ಬಿದ್ದಿದ್ದ ಎರಡಕ್ಷರ ಇದ್ದಕ್ಕಿದ್ದ ಹಾಗೆ ಕುದುರೆಗಳ ನಡುವಿನಿಂದ ಎದ್ದುಬಂದು ಅವಳ ಮುಖ ನೋಡಿತ್ತು.

ಅಂದು ಮನೆಗೆ ಹೋಗಿ ಹೇಳದೆ ಇರಲಾಗಲಿಲ್ಲ. ಗಂಡ ಸುಬ್ಬರಾಯ ಲಿಂಗಂಪಲ್ಲಿಯ ಆಚೆ ಇರುವ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಫೋರ್‌ಮನ್. ರಾಯಚೂರಿನಿಂದ ಬಂದು ಇಪ್ಪತ್ತೆಂಟು ವರ್ಷ ಅದೇ ಕ್ವಾರ್ಟರ್ಸಿನಲ್ಲಿ ಇದ್ದವನು. ಅವನು ಊಟದ ತಟ್ಟೆಯ ಮುಂದೆ ಬಹಳ ಹೆಮ್ಮೆಯಿಂದ, ಜಗತ್ತಿನ ಭಾಷೆಗಳಿಗೆಲ್ಲ ಸಂಸ್ಕೃತವೇ ತಾಯಿ ಎಂದು ತಾನು ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿಲ್ಲ ಎಂದ. ತಾಯಿ ಅಲ್ಲ, ಅಕ್ಕ, ತಾಯಿ ಬೇರೆ ಇದ್ದಳು, ಅವಳು ಸತ್ತಿದ್ದಾಳೆ ಎಂದು ಉಷಾ ಹೇಳಿದಾಗ ಅವನ ಮುಖ ಸಣ್ಣದಾಯಿತು. ಅಕ್ಕನಾದರೂ ಹಿರಿಯಕ್ಕನೇ ಇರಬೇಕು ಎಂದ. ಅದೂ ಖಾತ್ರಿ ಇಲ್ಲ ಎಂದಳು. ಅವಳ ತಾಯಿ ತುಳಸಾಬಾಯಿ, ಎಪ್ಪತ್ತಮೂರು ವರ್ಷದವಳು, ಗಂಡ ಸತ್ತಮೇಲೆ ಮಗಳ ಮನೆಗೆ ಬಂದು ಇರುವವಳು, ಮೂಲೆಯ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಬತ್ತಿ ಹೊಸೆಯುವಾಗ ಅವಳೂ ತುಟಿ ಅಲುಗಿಸುತ್ತಿರುತ್ತಾಳೆ. ಎಣಿಸುತ್ತಿದ್ದಾಳೆ ಎಂದು ಉಷಾ ತಿಳಿದಿದ್ದಳು.

ತನ್ನ ಹೆಸರು ಕಂಡ ಆ ಹೆಮ್ಮೆ ಉಷಾಳಿಗೆ ಬಹಳ ದಿನ ಉಳಿಯಲಿಲ್ಲ. ಒಂದು ತಿಂಗಳ ಹಿಂದೆ, ನಮ್ಮ ದೇವ ಎಂಬ ಮಾತಿನ ಎದುರು ಪಟ್ಟಿಯ ಗ್ರೀಕ್ ಮನೆಯಲ್ಲಿ ಏನೂ ಇಲ್ಲದ್ದನ್ನು ಕಂಡು, ಗ್ರೀಕರು ದೇವರಿಗೆ ಥೆಓಸ್ ಅನ್ನುತ್ತಾರಲ್ಲ, ಅದನ್ನು ಇಲ್ಲಿ ಬಿಟ್ಟುಬಿಟ್ಟಿದ್ದೀರಿ ಎಂದು ಅವಳು ಒಂದು ತಿದ್ದುಪಡಿ ಬರೆದು ಕಳಿಸಿದ್ದಳು. ರಾತ್ರಿಯೆಲ್ಲ ತಾನೊಂದು ದೊಡ್ಡದನ್ನು ಹಿಡಿದೆನೆಂಬ ಸಂಭ್ರಮ. ಎರಡು ದಿನದ ನಂತರ ಆ ವಿಶ್ವವಿದ್ಯಾಲಯದ ಮುದುಕ ಪ್ರೊಫೆಸರರಿಂದ ಒಂದು ಸಾಲಿನ ಉತ್ತರ ಬಂತು: ಈ ಹೋಲಿಕೆ ಕಿವಿಯದು, ಬೇರಿನದಲ್ಲ. ಟೀಮಿನ ಮುಖ್ಯಸ್ಥ ಪವನ ಅದನ್ನು ಸೋಮವಾರದ ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದ. ಇಪ್ಪತ್ತೆಂಟರ ಹುಡುಗ, ಅವನ ತಂದೆಯೂ ಬಳ್ಳಾರಿಯಿಂದ ಬಂದು ಇಲ್ಲಿಯ ರಕ್ಷಣಾ ಕಾರ್ಖಾನೆಗೆ ಸೇರಿದವರು. ಆಫೀಸಿನಲ್ಲಿ ಅವನು ತೆಲುಗು, ಲಿಫ್ಟಿನಲ್ಲಿ ಅವಳೊಬ್ಬಳೇ ಇದ್ದರೆ ಕನ್ನಡ. ಓದಿದ್ದು ತೆಲುಗಿನಲ್ಲಿ. ಎರಡು ಪದ ಒಂದೇ ಥರ ಕೇಳಿಸಿದ ಮಾತ್ರಕ್ಕೆ ಅವು ಸಂಬಂಧಿಕರಲ್ಲ ಎಂಬುದು ಮೊದಲ ದಿನದ ಪಾಠವಲ್ಲವೇ ಎಂದು ಅವನು ಕೇಳಿದಾಗ ಹದಿಮೂರು ಜನ ಮೇಜು ನೋಡಿದರು; ಯಾರೋ ಮೂಗಿನಿಂದ ನಕ್ಕರು. ಕೆಳಗಿಳಿಯುವಾಗ ಲಿಫ್ಟಿನಲ್ಲಿ ಅವನು ತಲೆ ತಗ್ಗಿಸಿ, 'ಮನಸ್ಸಿಗೆ ಹಚ್ಕೋಬ್ಯಾಡ್ರಿ ಮೇಡಂ, ಇನ್ನೊಮ್ಮೆ ಹಿಂಗಾದ್ರ ಮ್ಯಾಲಿನವರು ಕರಾರು ಮುಂದುವರಿಸಂಗಿಲ್ಲ, ಅದಕ್ಕ ಹೇಳಿದೆ' ಎಂದಿದ್ದ. ಅವಳು ಬೇಗಂಪೇಟೆ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ಬಿಟ್ಟು ಮೂರನೆಯದು ಹತ್ತಿದ್ದಳು. ಕಿವಿಯದು, ಬೇರಿನದಲ್ಲ. ಅವಳ ಹತ್ತಿರ ಇದ್ದದ್ದೇ ಕಿವಿ.

ಮತ್ತೆ ನಿನ್ನೆ, ಮಧ್ಯಾಹ್ನ ನಾಲ್ಕೂವರೆಗೆ, ಆ ಕಿವಿಯೇ ಅವಳನ್ನು ಹಿಡಿದು ನಿಲ್ಲಿಸಿತು. ಎಲ್ಲ ದೇವರಿಗೂ ಹಿರಿಯ, ಆಕಾಶ-ತಂದೆ. ಸಂಸ್ಕೃತದಲ್ಲಿ ದ್ಯೌಃ ಪಿತಾ, ಗ್ರೀಕಿನಲ್ಲಿ ಝೂಸ್ ಪಾತೆರ್, ರೋಮಿನಲ್ಲಿ ಜುಪಿಟರ್. ಅವನಿಗೆ ಎರಡು ಸಾಲು. ಅವನ ಬಗ್ಗೆ ಹೇಳುವಾಗ ಒಂದು, ಅವನನ್ನು ಕರೆಯುವಾಗ ಒಂದು. ಹೇಳುವ ಸಾಲಿನಲ್ಲಿ ಗ್ರೀಕಿಗೂ ಸಂಸ್ಕೃತಕ್ಕೂ ಅಕ್ಷರದ ಮೇಲೆ ಏರುವ ಗೆರೆ: ದನಿ ಎತ್ತಬೇಕು. ಕರೆಯುವ ಸಾಲಿನಲ್ಲಿ ಗ್ರೀಕಿಗೆ ಏರಿ ಇಳಿಯುವ ಗೆರೆ. ಸಂಸ್ಕೃತಕ್ಕೆ ಮತ್ತೆ ಏರುವ ಗೆರೆಯೇ. ಅವಳು ಅದನ್ನು ಓದುತ್ತ ಓದುತ್ತ ಮನಸ್ಸಿನಲ್ಲೇ ಅಂದುಕೊಂಡಳು, ಮತ್ತು ಮನಸ್ಸಿನಲ್ಲಿ ಬಂದ ಸ್ವರ ಪರದೆಯ ಮೇಲಿನ ಸ್ವರವಾಗಿರಲಿಲ್ಲ. ಎತ್ತಿದ ದನಿ ಎತ್ತಿದಲ್ಲಿಯೇ ನಡುಗಿ ಜಾರಿ ಇಳಿಯುತ್ತಿತ್ತು. ಗ್ರೀಕರ ಗೆರೆಯ ಹಾಗೆಯೇ. ಅಚ್ಚಾದ ಹಳೆಯ ವೇದದ ಪುಟದ ಛಾಯಾಚಿತ್ರ ತೆಗೆಸಿ ನೋಡಿದಳು. ಆ ಶಬ್ದದ ಹೊಟ್ಟೆಯೊಳಗೆ, ಅಕ್ಷರ ಅಕ್ಷರದ ನಡುವೆ, ಮೂರು ಎಂಬ ಅಂಕಿ ಇತ್ತು, ಅದರ ಮೇಲೆ ಕೆಳಗೆ ಗೆರೆ. ದನಿಯನ್ನು ಮೂರು ಮಾತ್ರೆಯಷ್ಟು ನಡುಗಿಸು ಎಂಬ ಗುರುತು. ಅಕ್ಷರ ಇಳಿಸಿದವರು ಅದನ್ನು ಅಡಿಟಿಪ್ಪಣಿಯ ಸಂಖ್ಯೆಯೆಂದು ತಿಳಿದು ಅಳಿಸಿಹಾಕಿದ್ದರು.

ಆ ನಡುಕ ಅವಳಿಗೆ ಗೊತ್ತಿದ್ದದ್ದು ಹೇಗೆ? ಕಾಚಿಗೂಡದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅವಳ ಅಪ್ಪ ಹಣಮಂತರಾಯರು ಮೂವತ್ತು ವರ್ಷ ವೇದ ಹೇಳಿಕೊಟ್ಟರು. ಅವರು ಒಂದು ಸಲ, ಶಿಷ್ಯರು ಎರಡು ಸಲ, ಹೀಗೆ ಒಂದು ಸಾಲು ಹತ್ತು ಸುತ್ತು. ನಡುವೆ ಒಂದು ಬಾಗಿಲು, ಬಾಗಿಲಿಗೆ ಹಸಿರು ಪರದೆ, ಪರದೆಯ ಈಚೆ ಅಡುಗೆಮನೆ. ಒಂಬತ್ತು ವರ್ಷದ ಉಷಾ ಒಂದು ದಿನ ಅಕ್ಕಿ ತೊಳೆಯುತ್ತ ಅದನ್ನೇ ಗುನುಗಿದಳು, ಯಾಕೆಂದರೆ ಆ ಒಂದು ಅಕ್ಷರ ಗಂಟಲಲ್ಲಿ ಜಾರುಬಂಡಿಯ ಹಾಗೆ ಖುಷಿ ಕೊಡುತ್ತಿತ್ತು. ಪರದೆ ಸರಿಯಿತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ತಂಬಿಗೆಯಲ್ಲಿ ನೀರು ಕೊಟ್ಟು, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಾ ಎಂದರು. ಹೊಲಸು ತಿಂದವಳಿಗೆ ಹೇಳುವ ಹಾಗೆ. ಅವಳು ಮುಕ್ಕಳಿಸಿದಳು, ಉಗುಳಿದಳು, ಶಿಷ್ಯರು ಕಿಟಕಿಯಿಂದ ನೋಡುತ್ತಿದ್ದರು. ಮುಂದೆ ಎಷ್ಟೋ ವರ್ಷಗಳಾದ ಮೇಲೆ, ಅವಳ ಮದುವೆಯಾಗಿ, ಅಪ್ಪನಿಗೆ ಎಪ್ಪತ್ತು ತುಂಬಿದ ವರ್ಷ, ಶಿಷ್ಯರೆಲ್ಲ ಸೇರಿ ಒಂದು ಮಂಟಪದಲ್ಲಿ ಅವರಿಗೆ ಶಾಲು ಹೊದಿಸಿದರು. ಐವತ್ತು ಜನ. ಅಪ್ಪ ತಾವಾಗಿ ಹೇಳತೊಡಗಿದರು; ಆಕಾಶವನ್ನು ತಂದೆಯೇ ಎಂದು, ಭೂಮಿಯನ್ನು ತಾಯಿಯೇ ಎಂದು ಕರೆಯುವ ಸಾಲಿಗೆ ಬಂದರು; ಬಂದು, ಆ ಅಕ್ಷರವನ್ನು ನಡುಗಿಸದೆ ಚಪ್ಪಟೆಯಾಗಿ ಅಂದು, ತಪ್ಪಿತೆಂದು ತಮಗೇ ತಿಳಿದು ನಿಂತರು. ಮತ್ತೆ ಶುರುಮಾಡಿದರು. ಮತ್ತೆ ಚಪ್ಪಟೆ. ಮುಂದಿನ ಮಾತೂ ಬರಲಿಲ್ಲ. ಗುರುವಿಗೆ ಎತ್ತಿಕೊಡುವ ಧೈರ್ಯ ಯಾವ ಶಿಷ್ಯನಿಗೂ ಆಗಲಿಲ್ಲ. ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂತಿದ್ದ ಉಷಾಳ ನಾಲಿಗೆಯ ತುದಿಯಲ್ಲಿ ಅದು ಇತ್ತು, ಸ್ವರದ ಸಮೇತ. ಅವಳು ಬಾಯಿ ತೆರೆದಳು. ಮುಚ್ಚಿದಳು. ಹೆದರಿಕೆ ಎಂದು ಆಮೇಲೆ ಅಂದುಕೊಂಡಳು. ಆದರೆ ಆ ಕ್ಷಣ ಹೊಟ್ಟೆಯೊಳಗೆ ಹರಿದದ್ದು ಹೆದರಿಕೆಯಾಗಿರಲಿಲ್ಲ. ತಣ್ಣನೆಯ, ಸಣ್ಣ, ಸಿಹಿಯಾದ ಒಂದು ತೃಪ್ತಿ. ಅಪ್ಪ ಶಾಲು ಸರಿಮಾಡಿಕೊಂಡು ಎದ್ದರು. ಮತ್ತೆ ನಾಲ್ಕು ಜನರ ಮುಂದೆ ಬಾಯಿ ತೆರೆಯಲಿಲ್ಲ. ಎರಡು ವರ್ಷಕ್ಕೆ ಹೋದರು.

ಗಾಡಿ ಇಳಿದು ಆಫೀಸಿಗೆ ಬಂದಾಗ ಲಿಫ್ಟಿನಲ್ಲಿ ಪವನ ಸಿಕ್ಕ. ಎರಡನೆಯ ಮಹಡಿ ದಾಟುವುದರೊಳಗೆ ಹೇಳಿಬಿಡಬೇಕೆಂದು ಅವಳು ಒಂದೇ ಉಸಿರಿಗೆ ಅಂಕಿಯ ವಿಷಯ, ಗೆರೆಯ ವಿಷಯ, ಗ್ರೀಕರ ವಿಷಯ ಎಲ್ಲ ಹೇಳಿದಳು. ಅವನು ಗುರುತಿನ ಪಟ್ಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದ. ನಾಳೆ ಕಡತ ಮುಚ್ಚುವಾಗ ಇವತ್ತು ಮೂಲ ದಾಖಲೆಯನ್ನು ಮುಟ್ಟುವುದೆಂದರೆ ಏನೆಂದು ನಿಮಗೆ ಗೊತ್ತೇ ಎಂದ. ಗೊತ್ತು ಎಂದಳು. ಇದೂ ಕಿವಿಯದೇ ಆದರೆ? ಕಿವಿಯದೇ ಎಂದಳು. ಅವಳ ದನಿಯಲ್ಲಿ ಏನು ಕಂಡನೋ, ಬಾಗಿಲು ತೆರೆದುಕೊಂಡ ಮೇಲೂ ಅವನು ತೆಲುಗಿಗೆ ತಿರುಗಲಿಲ್ಲ. 'ನಾಲ್ಕಕ್ಕ ಪ್ರೊಫೆಸರ್ ಫೋನ್ ಮಾಡ್ತಾರ. ನಾ ಹೇಳಂಗಿಲ್ಲ. ನೀವಽ ಹೇಳ್ರಿ.'

ನಾಲ್ಕರ ತನಕ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಡತವನ್ನು ತಿರುವಿ ಹಾಕಿದಳು. ಹೊಟ್ಟೆಯಲ್ಲಿ ಅಂಕಿ ಇದ್ದ ಶಬ್ದ ಅದೊಂದೇ ಅಲ್ಲ. ಹುಡುಕುತ್ತ ಹೋದ ಹಾಗೆ ಇನ್ನೊಂದು, ಮತ್ತೊಂದು, ಊಟದ ಹೊತ್ತಿಗೆ ನಲವತ್ತು. ಎಲ್ಲ ಕಡೆ ಅಂಕಿ ಮಾಯ, ಸ್ವರ ಮಾಯ. ಅವಳಿಗೆ ಸಿಟ್ಟು ಬರಬೇಕಾಗಿತ್ತು, ನಗು ಬರುತ್ತಿತ್ತು. ಚಹಾ ತಂದ ಮೌನಪ್ಪ, ಏನ್ರಿ ಅಕ್ಕಾವ್ರ, ಇವತ್ತ ಮುಖ ಭಾಳ ಕಳಿ ಬಂದೈತಿ ಎಂದ. ಲಿಂಗಸುಗೂರಿನ ಕಡೆಯವನು, ಐವತ್ತರ ಹತ್ತಿರ. ಈ ಕಟ್ಟಡಕ್ಕೆ ಇಟ್ಟಿಗೆ ಹೊರಲು ಬಂದು, ಕಟ್ಟಡ ಎದ್ದ ಮೇಲೆ ಅದರೊಳಗೇ ಉಳಿದುಕೊಂಡಿದ್ದ. ಅವಳು ಅವನನ್ನು ಪರದೆಯ ಮುಂದೆ ನಿಲ್ಲಿಸಿ, ಇದು ಗ್ರೀಕ್, ಇದು ಲ್ಯಾಟಿನ್, ಇದು ಸಂಸ್ಕೃತ ಎಂದು ತೋರಿಸಿದಳು. ಇಷ್ಟೂ ಜನ ಒಂದು ಕಾಲಕ್ಕೆ ಒಂದೇ ಮನೆಯವರು, ಒಂದೇ ಹೆಸರು ಹಿಡಿದು ಮೇಲೆ ನೋಡಿ ಕೂಗುತ್ತಿದ್ದರು ಎಂದಳು. ಮೌನಪ್ಪ ಬಗ್ಗಿ ಒಂದೊಂದೇ ಮನೆಯನ್ನು ನೋಡಿದ. 'ನಮ್ಮ ಮಾತಿಗೆ ಖಾನೆ ಇಲ್ಲೇನ್ರಿ ಇದರಾಗ?' ಎಂದ. ಇಲ್ಲ, ಕನ್ನಡ ಬೇರೆ ಮನೆತನದ್ದು ಎಂದಳು. ಅಂದಾಗ ಅವಳಿಗೇ ಒಂದು ಥರ ಆಯಿತು. ಅವಳು ಹಸಿದದ್ದು, ಹೆರಿಗೆಯಲ್ಲಿ ಚೀರಿದ್ದು, ಅಪ್ಪನನ್ನು ಅಪ್ಪಾ ಎಂದು ಕರೆದದ್ದು ಯಾವ ಮಾತಿನಲ್ಲೋ ಆ ಮಾತಿಗೆ ಇಲ್ಲಿ ಜಾಗವಿಲ್ಲ. ಯಾವುದನ್ನು ಬಾಯಿಂದ ಉಗುಳಿಸಿದ್ದರೋ ಅದರಲ್ಲಿ ಮಾತ್ರ ಅವಳು ಈ ಮನೆಯವಳು. ಮೌನಪ್ಪನಿಗೆ ಬೇಸರವಾದಂತೆ ಕಾಣಲಿಲ್ಲ. ನಾವು ಮುಗಿಲು ಅಂತೀವಿ, ಅದನ್ನ ಕರಿಯಾಂಗಿಲ್ಲ, ಅದಽ ಬಂದಾಗ ಬರತೈತಿ ಎಂದು ಲೋಟ ಇಟ್ಟು ಹೋದ.

ನಾಲ್ಕು ಗಂಟೆಗೆ ಮೀಟಿಂಗ್ ಕೋಣೆಯ ಮೇಜಿನ ಮೇಲೆ ಮೂರು ಕಾಲಿನ ಸ್ಪೀಕರ್ ಫೋನು ದೀಪ ಮಿಟುಕಿಸಿತು. ಪ್ರೊಫೆಸರರ ದನಿ ಅವಳು ಎಣಿಸಿದ್ದಕ್ಕಿಂತ ಮುದಿಯಾಗಿತ್ತು, ಇಂಗ್ಲಿಷು ಒರಟಾಗಿತ್ತು. ಪವನ ಪಟ್ಟಿಯಲ್ಲಿದ್ದದ್ದನ್ನೆಲ್ಲ ಮುಗಿಸಿ, ಕೊನೆಯಲ್ಲಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಅವಳ ಕಡೆ ನೋಡಿದ. ಹದಿಮೂರು ಜನ ನೋಡಿದರು. ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು; ಮೊದಲ ವಾಕ್ಯದಲ್ಲೇ ಕ್ರಿಯಾಪದ ತಪ್ಪಿತು, ಬಿಟ್ಟು ಮುಂದೆ ಹೋಗಿ, ಕಡತದಲ್ಲಿ ಅಂಕಿ ಅಳಿಸಿಹೋದದ್ದನ್ನು ಹೇಳಿದಳು. ಹೇಳುವಾಗ ಏರುತ್ತದೆ, ಕರೆಯುವಾಗ ಇಳಿಯುತ್ತದೆ, ನಮ್ಮಲ್ಲಿಯೂ ಹಾಗೇ, ಗ್ರೀಕರಲ್ಲಿಯೂ ಹಾಗೇ. ಹಾಗಿದ್ದ ಮೇಲೆ ಆ ಎರಡೂ ಮಾತು ಬೇರೆಯಾಗುವ ಮೊದಲೇ, ಆ ಹುಲ್ಲುಗಾವಲಿನಲ್ಲೇ, ಅವನನ್ನು ಹೀಗೇ ಕರೆಯುತ್ತಿದ್ದರು ಎಂದಲ್ಲವೇ? ಹೆಸರಿನ ಜೊತೆ ಕರೆಯುವ ರಾಗವೂ ಉಳಿದಿದೆ ಎಂದಲ್ಲವೇ? ಫೋನಿನ ಆಚೆ ಯಾರೋ ಕೆಮ್ಮಿದರು. ಪ್ರೊಫೆಸರ್ ಮೃದುವಾಗಿಯೇ ಹೇಳಿದರು. ಅಮ್ಮಾ, ಇದು ನನ್ನ ಅಜ್ಜನ ಕಾಲದಿಂದ ಗೊತ್ತಿರುವ ವಿಷಯ, ನಾವು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಉಷಾ ಮುಂದಿದ್ದ ಕಾಗದವನ್ನು ಮಗುಚಿಟ್ಟಳು. ನಿನ್ನೆ ಮಧ್ಯಾಹ್ನದಿಂದ ತಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದು ಅಲ್ಲಿಯ ಹುಡುಗರ ಪರೀಕ್ಷೆಯ ಪ್ರಶ್ನೆಯಾಗಿತ್ತು. ಯಾರೂ ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. ಆದರೆ ಒಂದು ನಿಮಿಷ, ಎಂದರು ಪ್ರೊಫೆಸರ್. ನಮ್ಮ ಕಡತದಲ್ಲಿ ಅದು ಅಳಿಸಿದೆ ಎಂದಿರಾ? ಅಂಕಿಯನ್ನು ತೆಗೆದುಹಾಕಿದ್ದಾರೆಯೇ? ಎಲ್ಲ ಕಡೆಯೂ? ಕಾಗದ ಸರಿಯುವ ಸದ್ದು, ಅವರ ಭಾಷೆಯಲ್ಲಿ ಯಾರಿಗೋ ಏನೋ ಗದರಿದ ಸದ್ದು. ಆಮೇಲೆ, ನಾಲ್ಕು ಜನ ಪರಿಶೀಲಿಸಿ ಸಹಿ ಹಾಕಿದ್ದಾರೆ, ಯಾರಿಗೂ ಕಾಣಲಿಲ್ಲ, ನಿಮಗೆ ಹೇಗೆ ಕಂಡಿತು ಎಂದು ಕೇಳಿದರು. ಕಾಣಲಿಲ್ಲ, ಕೇಳಿಸಿತು ಎಂದಳು. ನಿಮಗೆ ಅದನ್ನು ಹೇಳಲು ಬರುತ್ತದೆಯೇ ಎಂದರು ಪ್ರೊಫೆಸರ್.

ಅಷ್ಟು ಹೊತ್ತಿಗೆ ವಿಮಾನವೊಂದು ಇಳಿಯಿತು. ಗಾಜು ಗುಂಯ್ ಎಂದಿತು, ಎಲ್ಲರೂ ರೂಢಿಯಂತೆ ಸುಮ್ಮನೆ ಕಾದರು. ಆ ಅರ್ಧ ನಿಮಿಷದಲ್ಲಿ ಉಷಾ ತನ್ನ ಬಾಯಿ ಒಣಗಿದ್ದನ್ನು, ತಂಬಿಗೆಯ ನೀರಿನ ಹಿತ್ತಾಳೆಯ ರುಚಿ ಮೂವತ್ತೇಳು ವರ್ಷವಾದರೂ ನಾಲಿಗೆಯ ಬುಡದಲ್ಲಿ ಹಾಗೇ ಇರುವುದನ್ನು ಕಂಡಳು. ಸದ್ದು ಅಡಗಿತು. ಅವಳು ಹೇಳಿದಳು. ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಕಣ್ಣು ಮುಚ್ಚಲಿಲ್ಲ, ಎದುರಿಗಿದ್ದ ಪವನನನ್ನೇ ನೋಡುತ್ತ, ಆಕಾಶವನ್ನು ಎತ್ತಿ, ಎತ್ತಿದಲ್ಲಿ ನಡುಗಿಸಿ, ತಂದೆಯೇ ಎಂಬ ಮಾತಿನ ಮೇಲೆ ಇಳಿಸಿದಳು. ಎರಡೇ ಶಬ್ದ. ಕರೆದವರು ಹೋಗಿದ್ದಾರೆ, ಕರೆಸಿಕೊಂಡವನನ್ನು ಯಾರೂ ಪೂಜಿಸುವುದಿಲ್ಲ, ಕರೆದ ರೀತಿ ಮಾತ್ರ ಬಾಯಿಂದ ಬಾಯಿಗೆ ಬಂದು ಬೇಗಂಪೇಟೆಯ ಮೂರನೆಯ ಮಹಡಿಯಲ್ಲಿ ತನ್ನ ಬಾಯಿಂದ ಹೊರಟಿತು ಎಂದು ಅವಳಿಗೆ ಅನಿಸಿತು; ಅದಕ್ಕೆ ನಕ್ಷತ್ರದ ಹಂಗು ಬೇಡ, ಅದು ಕೇಳಿದ್ದು, ಕೇಳಿಸಬಹುದಾದದ್ದು. ಫೋನು ಕಡಿಯಿತೇನೋ ಎಂದು ಪವನ ಗುಂಡಿಯ ಕಡೆ ಕೈ ಚಾಚಿದಾಗ ಪ್ರೊಫೆಸರರ ದನಿ ಬಂತು. ನಲವತ್ತು ವರ್ಷ ಇದನ್ನು ಹಲಗೆಯ ಮೇಲೆ ಬರೆದಿದ್ದೇನೆ ಎಂದರು. ಒಂದು ಬಾಯಿಂದ ಕೇಳಿದ್ದು ಇವತ್ತು. ನಾಳೆ ಇದನ್ನು ಧ್ವನಿಮುದ್ರಿಸಿ ಕಳಿಸಿ, ಸಾಲಿನ ಪಕ್ಕಕ್ಕೆ ಇಡೋಣ. ಅಂಕಿಗಳು ಸರಿಹೋಗುವ ತನಕ ಕಡತ ಮುಚ್ಚುವುದು ಬೇಡ. ನಿಮಗೆ ಇದನ್ನು ಯಾರು ಕಲಿಸಿದರು? ಹಣಮಂತರಾಯರ ಹೆಸರು ಅವಳ ತುಟಿಯ ತನಕ ಬಂತು. ಹೇಳಿದ್ದರೆ ಅಪ್ಪನ ಋಣ ತೀರಿದಂತಾಗುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು. ಯಾರೂ ಕಲಿಸಲಿಲ್ಲ, ಎಂದಳು. ಪಕ್ಕದ ಕೋಣೆಯಲ್ಲಿದ್ದೆ.

ಆರರ ಗಾಡಿಯಲ್ಲಿ ನಿಂತೇ ಬಂದಳು. ಜೋಲಿ ಹೊಡೆಯುತ್ತಿದ್ದ ಡಬ್ಬಿಯಲ್ಲಿ ಯಾರ ಮೊಣಕೈಯೋ ಪಕ್ಕೆಗೆ ತಿವಿಯುತ್ತಿದ್ದರೂ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಸುಬ್ಬರಾಯ ಇನ್ನೂ ಬಂದಿರಲಿಲ್ಲ. ತಾಯಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ಉಷಾ ಚಪ್ಪಲಿ ಬಿಡುವ ಮೊದಲೇ ಹೇಳತೊಡಗಿದಳು. ಹೇಳುತ್ತ ಹೇಳುತ್ತ, ಈ ತಾಯಿಯ ಎದುರಿಗೆ ಇಷ್ಟು ವರ್ಷ ಹೇಳದೆ ಇಟ್ಟುಕೊಂಡ ಮಂಟಪದ ವಿಷಯವೂ ಬಾಯಿಂದ ಬಂದುಬಿಟ್ಟಿತು. ನನಗೆ ಗೊತ್ತಿತ್ತು, ಅಂದಿನ ದಿನ, ಅಪ್ಪ ನಿಂತಾಗ; ಬೇಕಂತಲೇ ಸುಮ್ಮನಿದ್ದೆ ಎಂದಳು. ತಾಯಿ ಕಡ್ಡಿ ಎಲೆ ಬೇರೆ ಮಾಡುವುದನ್ನು ನಿಲ್ಲಿಸಲಿಲ್ಲ. ಏನು ಹೇಳಿದಿ ಆಫೀಸಿನ್ಯಾಗ, ಹೇಳು ನೋಡೋಣ ಎಂದಳು. ಉಷಾ ಹೇಳಿದಳು. ತುಳಸಾಬಾಯಿ ತಲೆ ಅಲ್ಲಾಡಿಸಿದಳು.

'ಅವಸರ ಮಾಡಿದಿ. ಅಲ್ಲೆ ಮೂರು ಮಾತ್ರಾ ನಿಲ್ಲಬೇಕು.' ಮತ್ತು ಕೊತ್ತಂಬರಿಯಿಂದ ಕಣ್ಣೆತ್ತದೆ, ಬೆರಳನ್ನು ಮೊಣಕಾಲಿನ ಮೇಲೆ ಮೂರು ಸಲ ತಟ್ಟಿ, ಅವಳು ಅದನ್ನು ಅಂದಳು. ಅಪ್ಪನ ದನಿಗಿಂತ ತೆಳ್ಳಗಿನ, ಆದರೆ ಎಲ್ಲೂ ಒಡೆಯದ ದನಿ. ಆ ಎರಡು ಶಬ್ದಕ್ಕೆ ನಿಲ್ಲದೆ ಸಾಲಿನ ಕೊನೆಯ ತನಕ ಹೋಗಿ, ಮುಂದಿನ ಸಾಲಿನ ಹೊಸ್ತಿಲಲ್ಲಿ ನಿಂತಿತು.

ನಿನಗ ಯಾವಾಗಿನಿಂದ ಬರತದ ಎಂದು ಉಷಾ ಕೇಳಿದಳು. ಮೂವತ್ತು ವರ್ಷ ಹತ್ತು ಹತ್ತು ಸಲ ಹೇಳಿದರ ಒಲೆಗೂ ಬರಬೇಕು ಎಂದಳು ತಾಯಿ. ಆಮೇಲೆ, ಬುಟ್ಟಿಯನ್ನು ಪಕ್ಕಕ್ಕೆ ಇಟ್ಟು, ಒಂದೊಂದಾಗಿ ಹೇಳಿದಳು. ಆ ಸನ್ಮಾನಕ್ಕೆ ಒಂದು ವರ್ಷ ಮೊದಲಿನಿಂದಲೇ ಅವರಿಗೆ ಮರೆವು ಬಂದಿತ್ತು. ಬೆಳಗಿನ ಪಾರಾಯಣಕ್ಕೆ ಕೂತು ನಡುವೆ ನಿಂತುಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಒಲೆಯ ಮುಂದಿನಿಂದ ಇವಳು ಮುಂದಿನ ಮಾತು ಅಂದಳು. ಬಾಯಿ ಮುಕ್ಕಳಿಸು ಎನ್ನುತ್ತಾರೆಂದು ಕಾದಳು. ಅವರು ಕೇಳಿಸದವರ ಹಾಗೆ ಅಲ್ಲಿಂದಲೇ ಹಿಡಿದು ಮುಂದೆ ಹೋದರು. ಮರುದಿನ ನಿಂತಾಗ ಸುಮ್ಮನೆ ಕೂತರು, ಇವಳು ಹೇಳುವ ತನಕ ಕೂತೇ ಇದ್ದರು. ಹಾಗೆ ಒಂದು ವರ್ಷ. ಒಂದು ದಿನವೂ ಅದರ ಬಗ್ಗೆ ಅವರು ಆಡಲಿಲ್ಲ, ಇವಳು ಆಡಲಿಲ್ಲ.

'ಮಂಟಪದಾಗ ನಿಂತಾಗ ಅವರು ಎಲ್ಲೆ ನೋಡಿದ್ರು, ನೆನಪದ ಏನು ನಿನಗ?' ತಾಯಿ ಕೇಳಿದಳು. ಮೇಲೆ ನೋಡಿದರು ಎಂದು ಉಷಾಳ ನೆನಪು. 'ನನ್ನ ಕಡೆ ನೋಡಿದ್ರು. ದಿನಾ ನೋಡೋ ಹಂಗ. ನಾ ತಲಿ ತಗ್ಗಿಸಿದೆ. ಐವತ್ತು ಮಂದಿ ಮುಂದ ನಾ ಹೇಳಿದ್ರ ಅವರು ಉಳೀತಿದ್ದಿಲ್ಲ ಅಂತ. ಸುಮ್ಮನ ಕೂತೆ, ಆಗೂ ಉಳೀಲಿಲ್ಲ.'

ಹೊರಗೆ ಯಾರದೋ ಸ್ಕೂಟರು ನಿಂತಿತು, ಮತ್ತೆ ಹೋಯಿತು. ಉಷಾ ತಾಯಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ಆ ದಿನ ಹೆಂಗಸರ ಕಡೆ, ಒಂದೇ ಕಂಬಕ್ಕೆ ಆಚೆ ಈಚೆ ಒರಗಿ ಇಬ್ಬರು, ಒಂದೇ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಕೂತಿದ್ದರು. ಮೂರನೆಯವಳು, ನಾಲ್ಕನೆಯವಳು ಇರಲಿಲ್ಲವೆಂದು ಯಾರು ಬಲ್ಲರು? ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಒಂದು ಆತುರ ಬಂತು. ಅವಳು ಫೋನು ತೆಗೆದು ಪವನನಿಗೆ ಮಾಡಿದಳು. ನಾಳೆಯ ಧ್ವನಿಮುದ್ರಣಕ್ಕೆ ನಾನಲ್ಲ, ಬೇರೊಬ್ಬರು ಬರುತ್ತಾರೆ ಎಂದಳು. ಯಾರು ಎಂದು ಅವನು ಕೇಳುತ್ತಿದ್ದಾಗ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನಾಳಿ ಗಾಡಿ ಎಷ್ಟಕ್ಕದ ಎಂದು ವಿಚಾರಿಸಿದಳು.

ಮರುದಿನ ಹತ್ತಕ್ಕೆ, ಮೀಟಿಂಗ್ ಕೋಣೆಯ ಕಿಟಕಿಗೆ ಮೌನಪ್ಪ ಎರಡು ಕಂಬಳಿ ಕಟ್ಟಿ ಕೊಟ್ಟ. ತುಳಸಾಬಾಯಿ ಒಂಬತ್ತು ಗಜದ ಸೀರೆಯಲ್ಲಿ ತಿರುಗುವ ಕುರ್ಚಿಯ ತುದಿಯಲ್ಲಿ ಕೂತು, ಅದು ತಿರುಗದಂತೆ ಎರಡೂ ಪಾದ ನೆಲಕ್ಕೆ ಒತ್ತಿಕೊಂಡಿದ್ದಳು. ಪವನ ಮೈಕನ್ನು ಅವಳ ಗದ್ದದ ಎತ್ತರಕ್ಕೆ ಇಳಿಸಿ, ಒಂದು ಸಾಲು ಸಾಕು ಅಜ್ಜಿ ಎಂದು ಕನ್ನಡದಲ್ಲೇ ಹೇಳಿದ. ಕೋಣೆಯ ತುಂಬ ಜನರಿದ್ದರು. ವಿಮಾನ ಹೋಗುವ ತನಕ ಕಾದು, ಅವಳು ಶುರುಮಾಡಿದಳು. ಆಕಾಶ ಬಂತು, ಮೂರು ಮಾತ್ರೆ ನಡುಗಿತು, ಇಳಿಯಿತು, ಭೂಮಿ ಬಂತು, ಬೆಂಕಿಯನ್ನು ಅಣ್ಣನೇ ಎಂದು ಕರೆದಾಯಿತು, ಸಾಲು ಮುಗಿಯಿತು. ಅವಳು ನಿಲ್ಲಲಿಲ್ಲ. ಎರಡನೆಯದು, ಮೂರನೆಯದು, ದನಿ ಬಿಸಿಯಾಗುತ್ತ ಹೋಗಿ, ಬೆನ್ನು ನೆಟ್ಟಗಾಗಿ, ಒತ್ತಿ ಹಿಡಿದಿದ್ದ ಪಾದಗಳು ನೆಲ ಬಿಟ್ಟವು. ಪವನ ಗಡಿಯಾರ ನೋಡಿ, ಕೆಂಪು ದೀಪದ ಪಕ್ಕದ ಗುಂಡಿಯ ಕಡೆ ಕೈ ಚಾಚಿದ. ಉಷಾ ಅವನ ಮಣಿಕಟ್ಟು ಹಿಡಿದಳು, ಬಿಡಲಿಲ್ಲ.